ಕೊಡುವವರಿಂದಲೇ ಬಾಡಿಗೆ: ಹಾಸನದ ಹಳೇ ಸಾಮಾನು ದಾನ ಸೇವೆ ಹೇಗಿದೆ?

“ದಾನ ಕೊಡೋದೂ ನಾವೇ, ದುಡ್ಡು ಕೊಡೋದೂ ನಾವೇನಾ?” ಮನೆಯ ಹಳೇ ಸಾಮಾನನ್ನು ಒಯ್ದು ಬೇಕಾದವರಿಗೆ ತಲುಪಿಸುವ ಹಾಸನದ ಈ ಸೇವೆಗೆ ಫೋನ್ ಮಾಡುವ ಮನೆಯವರು ಮೊದಲು ಕೇಳುವುದು ಇದನ್ನೇ. ನ್ಯಾಯವಾದ ಪ್ರಶ್ನೆ. ಗುಜರಿಯವನು ತಕ್ಕಡಿ ತಂದು ತೂಗಿ ಕೈಗೆ ಕಾಸಿಟ್ಟು ಹೋಗುತ್ತಾನೆ. ಇವರು ಸಾಮಾನನ್ನೂ ಏರಿಸಿಕೊಂಡು ಬಾಡಿಗೆಯನ್ನೂ ಇಸಿದುಕೊಂಡು ಹೋಗುತ್ತಾರೆ. ಆದರೆ ಈ ಕೆಲಸ ನೆಟ್ಟಗೆ ನಡೆಯುವುದು ಆ ಬಾಡಿಗೆ ಇದ್ದರೆ ಮಾತ್ರ. ಸಾಮಾನು ಒಯ್ಯುವವರ ಹೊಟ್ಟೆಪಾಡು ಅದನ್ನು ಮಾರಿದ ಹಣದಿಂದಲೇ ಸಾಗಬೇಕು ಎಂದಾದರೆ ಗಟ್ಟಿ ಮಂಚ ಸೆಕೆಂಡ್ ಹ್ಯಾಂಡ್ ಅಂಗಡಿ ಸೇರುತ್ತದೆ, ಸ್ಟೀಲ್ ಪಾತ್ರೆ ಗುಜರಿಗೆ ಹೋಗುತ್ತದೆ, ಯಾರಿಗೂ ಬೇಡದ್ದು ಮಾತ್ರ ದಾನದ ಲೆಕ್ಕಕ್ಕೆ ಉಳಿಯುತ್ತದೆ. ಕೂಲಿ, ಡೀಸೆಲ್ಲಿನ ಖರ್ಚು ಮನೆಯವರಿಂದ ಬಂದರೆ ಒಳ್ಳೇ ಸಾಮಾನನ್ನು ಮಾರಿಕೊಳ್ಳುವ ಒತ್ತಡ ಇರುವುದಿಲ್ಲ. ಹಾಗಾಗಿ ಹಣ ಯಾವ ಕಡೆಯಿಂದ ಬರುತ್ತದೆ, ಸಾಮಾನು ಯಾವ ಕಡೆ ಹೋಗುತ್ತದೆ ಎನ್ನುವುದನ್ನೇ ಇಲ್ಲಿ ಮುಖ್ಯವಾಗಿ ನೋಡಿದ್ದೇವೆ.

ಸೇವೆ ಚಿಕ್ಕದು. ಒಂದು ಟಾಟಾ ಏಸ್, ಚಾಲಕರೂ ಸೇರಿ ಮೂರು ಜನ, ಊರ ಅಂಚಿನಲ್ಲೊಂದು ತಗಡಿನ ಗೋದಾಮು. ನಗರದೊಳಗೆ ಹತ್ತು ಚೀಲ ಮತ್ತು ಒಂದು ದೊಡ್ಡ ಸಾಮಾನಿನವರೆಗೆ 600 ರೂ., ಗಾಡಿ ತುಂಬ ಲೋಡಿಗೆ 1,800 ರೂ. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಬೀರು, ಫ್ರಿಜ್ ಇಳಿಸಬೇಕಾದರೆ ಮಹಡಿಗೆ 150 ರೂ. ಹೆಚ್ಚು. ವೀಲ್‌ಚೇರ್, ವಾಕರ್‌ನಂಥ ರೋಗಿಗಳ ಸಾಮಾನು ಮಾತ್ರ ಇದ್ದರೆ ಬಾಡಿಗೆ ಇಲ್ಲ. ಏಸ್‌ನ ತೊಟ್ಟಿ ಸುಮಾರು ಏಳು ಅಡಿ ಉದ್ದ, ಐದು ಅಡಿಗೆ ಸ್ವಲ್ಪ ಕಡಿಮೆ ಅಗಲ. ಹೊರುವುದು ಮುಕ್ಕಾಲು ಟನ್ನಿನೊಳಗೆ. ಮನೆ ಸಾಮಾನಿನಲ್ಲಿ ಭಾರಕ್ಕಿಂತ ಮೊದಲು ಜಾಗ ಮುಗಿಯುತ್ತದೆ. ಬಿಚ್ಚದ ಡಬಲ್ ಮಂಚ ಒಂದಿದ್ದರೆ ಸಾಕು, ಬೇರೇನೂ ಹಿಡಿಯುವುದಿಲ್ಲ. ಎರಡು ಬೆಡ್‌ರೂಮಿನ ಮನೆ ಪೂರ್ತಿ ಖಾಲಿ ಮಾಡುವುದಿದ್ದರೆ ಎರಡು ಲೋಡ್ ಎಂದೇ ಹಣ ತೆಗೆದಿಡಿ.

ಬುಕಿಂಗ್ ವಾಟ್ಸ್‌ಆಪ್‌ನಲ್ಲಿ. ದೊಡ್ಡ ಸಾಮಾನು ಒಂದೊಂದರದ್ದೂ ಎರಡು ಫೋಟೊ ಕೇಳುತ್ತಾರೆ, ಒಂದು ಮುಂದಿನಿಂದ, ಇನ್ನೊಂದು ಹಾಳಾದ ಭಾಗದ್ದು. ಆಮೇಲೆ ಮೆಟ್ಟಿಲಿನ ಅಗಲ, ಗೇಟಿನವರೆಗೆ ಗಾಡಿ ಬರುತ್ತದೆಯೇ ಎಂಬ ವಿಚಾರ. ಇದು ಅತಿ ಎನ್ನಿಸಬಹುದು. ಆರೂವರೆ ಅಡಿಯ ಕಬ್ಬಿಣದ ಬೀರು ತಿರುವಿರುವ ಮೆಟ್ಟಿಲಲ್ಲಿ ಸಿಕ್ಕಿಕೊಂಡು ಗೋಡೆಯ ಬಣ್ಣ ಕೆರೆದ ಮೇಲೆ ಜಗಳ ಆಡುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮಂಗಳವಾರ, ಶುಕ್ರವಾರ ಗಾಡಿ ಇರುವುದಿಲ್ಲ. ಆ ಎರಡು ದಿನ ಮನೆಯಿಂದ ಸಾಮಾನು ಹೊರಗೆ ಹೋಗಬಾರದು ಎನ್ನುವವರು ನಮ್ಮ ಕಡೆ ಬಹಳ. ಬೆಳಿಗ್ಗೆ ಒಪ್ಪಿ ಸಂಜೆ ಅತ್ತೆಯವರು ಬೇಡ ಅಂದರು ಎಂದು ಗಾಡಿ ಖಾಲಿ ವಾಪಸ್ ಕಳಿಸುವುದು ತಪ್ಪಲಿ ಎಂದು ಆ ದಿನಗಳನ್ನು ಗೋದಾಮಿನ ವಿಂಗಡಣೆಗೆ ಇಟ್ಟುಕೊಂಡಿದ್ದಾರೆ. ಊರನ್ನು ಅರಿತವರ ಏರ್ಪಾಡು.

ಮನೆಗೆ ಬಂದ ಮೇಲೆ ನಡೆಯುವ ಕೆಲಸದಲ್ಲಿ ಒಂದು ಕ್ರಮವನ್ನು ಮನಸಾರೆ ಮೆಚ್ಚಬೇಕು. ಬೀರುವನ್ನಾಗಲಿ, ಮೇಜಿನ ಡ್ರಾಯರನ್ನಾಗಲಿ ಇವರು ತೆಗೆಯುವುದಿಲ್ಲ. ಮನೆಯವರೇ ಒಂದೊಂದಾಗಿ ತೆಗೆದು, ಲಾಕರಿನ ಒಳಗೆ ಕೈ ಹಾಕಿ, ಶೆಲ್ಫಿನ ಮೇಲೆ ಹಾಸಿದ ಪೇಪರನ್ನೂ ಎತ್ತಿ ನೋಡಿ “ಖಾಲಿ” ಎಂದು ಚೀಟಿಯಲ್ಲಿ ಸಹಿ ಹಾಕಬೇಕು. ಸೀರೆಗಳ ಮಡಿಕೆ, ಪ್ಯಾಂಟು ಕೋಟಿನ ಜೇಬು, ಹಳೇ ಪರ್ಸು, ಪುಸ್ತಕದ ಹಾಳೆ, ದಿಂಬಿನ ಕವರು, ಎಲ್ಲಕ್ಕೂ ಇದೇ ಶಾಸ್ತ್ರ. ಹಿರಿಯರು ತೀರಿಕೊಂಡ ಮನೆಗಳಲ್ಲಿ ಜಮೀನಿನ ಪಹಣಿ, ಎಲ್‌ಐಸಿ ಬಾಂಡು, ಮೂಗುತಿ ಇಂಥವು ಸಿಗುವುದೇ ಇಂಥ ಜಾಗಗಳಲ್ಲಿ. ಒಂದು ಬೀರುವಿಗೆ ಹದಿನೈದು ನಿಮಿಷ ಹೋಗುತ್ತದೆ, ಹೋಗಲಿ. ಬೀಗದ ಕೈಯನ್ನು ಆಗಲೇ ದಾರದಲ್ಲಿ ಬೀರುವಿನ ಹಿಡಿಗೆ ಕಟ್ಟುತ್ತಾರೆ. ಕೀಲಿ ಕಳೆದ ಬೀರು ಪಡೆದವರಿಗೆ ಬಾಗಿಲಿಲ್ಲದ ಡಬ್ಬ ಅಷ್ಟೇ.

ಮಂಚದ ವಿಚಾರದಲ್ಲಿ ಇವರ ಕೈ ಪಳಗಿದೆ. ತೇಗ, ಹಲಸು, ಬೀಟೆಯ ಹಳೇ ಮಂಚಗಳಿಗೆ ಪಕ್ಕದ ಪಟ್ಟಿಗಳು ಕೊಕ್ಕೆಯಲ್ಲೋ ದೊಡ್ಡ ಬೋಲ್ಟಿನಲ್ಲೋ ಕೂತಿರುತ್ತವೆ. ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಬಿಗಿ ಉಳಿಯುತ್ತದೆ. ಅಂಗಡಿಯಿಂದ ಬಿಡಿ ಭಾಗಗಳಾಗಿ ಬಂದು ಜೋಡಿಸಿದ ಪಾರ್ಟಿಕಲ್ ಬೋರ್ಡಿನ (ಮರದ ಹುಡಿ ಒತ್ತಿ ಮಾಡಿದ ಹಲಗೆಯ) ಮಂಚ ಹಾಗಲ್ಲ. ಸ್ಕ್ರೂ ಕೂತಿದ್ದ ತೂತು ಒಮ್ಮೆ ಬಿಚ್ಚಿದರೆ ಹುಡಿಯಾಗಿ ಅಗಲವಾಗುತ್ತದೆ, ಎರಡನೇ ಜೋಡಣೆಯಲ್ಲಿ ಅಲ್ಲಾಡುತ್ತದೆ, ಮೂರನೆಯದಕ್ಕೆ ನಿಲ್ಲುವುದಿಲ್ಲ. ಆದ್ದರಿಂದ ಪಾರ್ಟಿಕಲ್ ಬೋರ್ಡಿನ ಮಂಚವನ್ನು ನಗರದೊಳಗೆ ಒಂದೇ ಸಾಗಣೆಯಲ್ಲಿ ನೇರ ಪಡೆಯುವವರ ಮನೆಗೇ ಒಯ್ದು ಜೋಡಿಸಿ ಬರುತ್ತಾರೆ, ಗೋದಾಮಿಗೆ ತರುವುದಿಲ್ಲ. ಬೋಲ್ಟು, ನಟ್ಟುಗಳನ್ನೆಲ್ಲ ಜಿಪ್ ಕವರಿನಲ್ಲಿ ಹಾಕಿ ತಲೆಭಾಗದ ಕಾಲಿಗೆ ಕಟ್ಟಿ, ಪಟ್ಟಿಗಳ ಒಳಬದಿಗೆ ಸೀಮೆಸುಣ್ಣದಲ್ಲಿ ಎಡ, ಬಲ ಎಂದು ಬರೆಯುತ್ತಾರೆ. ದಾನದ ಮಂಚಗಳು ಹಾಳಾಗುವುದು ಹೆಚ್ಚಾಗಿ ಎರಡು ಬೋಲ್ಟು ಕಳೆದುಹೋಗಿ, ಅದರ ಅಳತೆಯದ್ದು ಅಂಗಡಿಯಲ್ಲಿ ಸಿಗದೆ.

ಮರದ ಸಾಮಾನು ತೆಗೆದುಕೊಳ್ಳುವ ಮುಂಚೆ ಗೆದ್ದಲು, ಮರ ಕೊರೆಯುವ ಕುಟ್ಟೆ ಹುಳ ನೋಡುತ್ತಾರೆ. ನೀವೂ ಹಿಂದಿನ ರಾತ್ರಿ ಕಾಲುಗಳ ಕೆಳಗೆ ಬಿಳಿ ಪೇಪರ್ ಹಾಸಿ ನೋಡಿ. ಬೆಳಿಗ್ಗೆ ಸಣ್ಣ ಹುಡಿ ಬಿದ್ದಿದ್ದರೆ ಹುಳ ಇನ್ನೂ ಒಳಗಿದೆ. ಅಂಥದ್ದು ಹೋದಲ್ಲೆಲ್ಲ ಹುಳವನ್ನೂ ಒಯ್ಯುತ್ತದೆ. ಹಾಸಿಗೆಗೆ ತಿಗಣೆ ಪರೀಕ್ಷೆ ಇನ್ನೂ ಕಟ್ಟುನಿಟ್ಟು: ಹೊಲಿಗೆಯ ಅಂಚನ್ನು ಉಗುರಿನಿಂದ ಬಿಡಿಸಿ ಟಾರ್ಚು ಹಿಡಿದು ಕಪ್ಪು ಚುಕ್ಕಿ ಹುಡುಕುತ್ತಾರೆ, ಒಂದೆರಡು ಕಂಡರೂ ಬೇಡ ಎನ್ನುತ್ತಾರೆ. ಹತ್ತಿಯ ಹಾಸಿಗೆ ಒಣಗಿದ್ದರೆ ಸ್ವೀಕರಿಸುತ್ತಾರೆ, ಬಿಚ್ಚಿ ಹಿಂಜಿ ಮತ್ತೆ ತುಂಬಬಹುದು. ಕಲೆಯಾದ ಫೋಮ್ ಹಾಸಿಗೆಯನ್ನು ಹಾಗೆ ಸರಿಮಾಡುವ ದಾರಿಯೇ ಇಲ್ಲ, ಬೇಡ ಎನ್ನುತ್ತಾರೆ. ಅದನ್ನು ತಿರಸ್ಕರಿಸಿದ್ದಕ್ಕೆ ಮುನಿಸಿಕೊಳ್ಳುವ ಮನೆಯವರಿದ್ದಾರೆ. ಆದರೆ ನಮ್ಮ ಮಗು ಮಲಗಲಾರದ ಹಾಸಿಗೆಯ ಮೇಲೆ ಇನ್ನೊಬ್ಬರ ಮಗು ಮಲಗಲಿ ಎಂದು ಕೊಡುವುದು ದಾನವಲ್ಲ. ಈ ಮಾತಿನಲ್ಲಿ ನಾವು ಪೂರ್ತಿ ಸೇವೆಯವರ ಪರ.

ಫ್ರಿಜ್ ಕೊಡುವುದಿದ್ದರೆ ಹಿಂದಿನ ರಾತ್ರಿಯೇ ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು, ಮಂಜುಗಡ್ಡೆ ಕರಗಿಸಿ, ಹಿಂಬದಿಯ ಟ್ರೇ ನೀರು ಚೆಲ್ಲಿಡಬೇಕು. ಮಲಗಿಸಿ ಸಾಗಿಸಿದರೆ ಕಂಪ್ರೆಸರಿನೊಳಗಿನ ಎಣ್ಣೆ ಕೊಳವೆಗೆ ಇಳಿಯುತ್ತದೆ. ಇಳಿಸಿದ ತಕ್ಷಣ ಸ್ವಿಚ್ ಹಾಕಿದರೆ ಕಂಪ್ರೆಸರ್ ಕೆಡಬಹುದು. ಇವರು ನಿಲ್ಲಿಸಿಯೇ ಸಾಗಿಸುತ್ತಾರೆ, ಕ್ಯಾಬಿನ್ನಿನ ಬೆನ್ನಿಗೆ ಒರಗಿಸಿ, ಮಧ್ಯೆ ಕಂಬಳಿ ಇಟ್ಟು, ಎರಡು ಕಡೆ ಹಗ್ಗ ಬಿಗಿದು. “ನಾಳೆ ಬೆಳಿಗ್ಗೆವರೆಗೆ ಸ್ವಿಚ್ ಹಾಕಬೇಡಿ” ಎಂಬ ಚೀಟಿಯನ್ನು ಬಾಗಿಲಿಗೆ ಅಂಟಿಸುತ್ತಾರೆ. ಇಲ್ಲಿಯವರೆಗೆ ಸರಿ. ಇವರು ಮಾಡದಿರುವುದು ಒಂದಿದೆ: ಪಡೆಯುವವರ ಕರೆಂಟಿನ ಲೆಕ್ಕ ಕೇಳುವುದಿಲ್ಲ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಉಚಿತ ಯೂನಿಟ್ಟಿನ ಮಿತಿ ಕಟ್ಟಿದ್ದಾರೆ. ಬಲ್ಬು, ಫ್ಯಾನು, ಟಿವಿ ಮಾತ್ರ ಇದ್ದ ಮನೆಗೆ ಹದಿನೈದು ವರ್ಷದ ಫ್ರಿಜ್ ಬಂದರೆ ಆ ಮಿತಿ ದಾಟುತ್ತದೆ, ಇದುವರೆಗೆ ಸೊನ್ನೆಯಿದ್ದ ಬಿಲ್ಲಿಗೆ ದುಡ್ಡು ಬೀಳತೊಡಗುತ್ತದೆ. ಎರಡು ತಿಂಗಳಲ್ಲಿ ಆ ಫ್ರಿಜ್ ಬಟ್ಟೆ ಇಡುವ ಪೆಟ್ಟಿಗೆಯಾಗುತ್ತದೆ. ಹಳೇ ಫ್ರಿಜ್ಜನ್ನು ಮನೆಗಳಿಗಿಂತ ಆಶ್ರಮ, ವಿದ್ಯಾರ್ಥಿನಿಲಯದಂಥ ಕಡೆಗೆ ಕೊಡುವುದೇ ವಾಸಿ.

ಮೊಬೈಲ್ ಫೋನಿನ ವಿಚಾರದಲ್ಲಿ ತಪ್ಪು ಹೆಚ್ಚಾಗಿ ಕೊಡುವವರದೇ. ಪಾಸ್‌ವರ್ಡ್ ಮರೆತು, ಬದಿಯ ಬಟನ್‌ಗಳನ್ನು ಒತ್ತಿ ರಿಕವರಿಯಿಂದ ರೀಸೆಟ್ ಮಾಡಿ ಕೊಟ್ಟರೆ, ಮತ್ತೆ ಆನ್ ಮಾಡಿದಾಗ ಅದು ಹಳೇ ಗೂಗಲ್ ಖಾತೆಯನ್ನೇ ಕೇಳುತ್ತದೆ. ಪಡೆದ ವಿದ್ಯಾರ್ಥಿಗೆ ಅದೊಂದು ಗಾಜಿನ ತುಂಡು. ಮೊದಲು ಸೆಟ್ಟಿಂಗ್ಸ್‌ನಲ್ಲಿ ಖಾತೆ ತೆಗೆಯಿರಿ, ಆಮೇಲೆ ಅಲ್ಲಿಂದಲೇ ರೀಸೆಟ್ ಮಾಡಿ. ಐಫೋನ್ ಆದರೆ ‘ಫೈಂಡ್ ಮೈ’ ಆಫ್ ಮಾಡಬೇಕು. ಸಿಮ್ಮು, ಮೆಮೊರಿ ಕಾರ್ಡು ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಉಬ್ಬಿದ ಫೋನನ್ನು ಇವರು ಗಾಡಿಗೇ ಹತ್ತಿಸುವುದಿಲ್ಲ, ಬೆಂಕಿಯ ಭಯ. ಅದು, ಕೆಟ್ಟ ಟಿವಿ, ಕಂಪ್ಯೂಟರ್ ಎಲ್ಲ ಇ-ತ್ಯಾಜ್ಯ. ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಇನ್ವರ್ಟರ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಹಿಂತಿರುಗಿಸಿ. ಗ್ಯಾಸ್ ಸಿಲಿಂಡರ್ ನಿಮ್ಮದಲ್ಲ, ಕಂಪನಿಯದು. ಏಜೆನ್ಸಿಗೆ ಒಪ್ಪಿಸಿದರೆ ಠೇವಣಿ ವಾಪಸ್ ಬರುತ್ತದೆ. ಸ್ಟೌವ್ ಮಾತ್ರ ಕೊಡಿ, ಹಳೇ ರಬ್ಬರ್ ಪೈಪ್ ಕತ್ತರಿಸಿ ಎಸೆದು.

ಬಟ್ಟೆಯಲ್ಲೇ ಎಲ್ಲ ದಾನ ಸೇವೆಗಳೂ ಮುಳುಗುವುದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾಡಿನ ಮೂಲೆಮೂಲೆಯಿಂದ ಲಾರಿಗಳು ಹೋದವು. ಅಂಥ ಹೊತ್ತಿನಲ್ಲಿ ವಿಂಗಡಿಸದ ಹಳೇ ಬಟ್ಟೆಯ ಗಂಟು ಪಡೆಯುವವರಿಗೇ ಹೊರೆ: ಬಿಚ್ಚಿ ನೋಡಲು ಜನ ಬೇಕು, ಮಳೆಯಲ್ಲಿ ಇಡಲು ಜಾಗ ಬೇಕು. ಈ ಸೇವೆಯವರು ಚೀಲದ ಮೇಲೇ ಗಂಡು, ಹೆಣ್ಣು, ಮಕ್ಕಳು, ಬೆಚ್ಚನೆಯದು ಎಂದು ಬರೆಸುತ್ತಾರೆ. ಬೆರಕೆ ಚೀಲಕ್ಕೆ 50 ರೂ. ಹೆಚ್ಚು ಹಾಕುತ್ತಾರೆ. ಅದರಿಂದಲೇ ಮನೆಯವರು ಶಿಸ್ತಿಗೆ ಬರುತ್ತಾರೆ. ಒಳ ಉಡುಪು, ಹರಿದದ್ದು, ಬೂಷ್ಟು ವಾಸನೆ ಹಿಡಿದದ್ದು ಬೇಡ. ಚಪ್ಪಲಿ, ಶೂ ಜೋಡಿಯಾಗಿ ಕಟ್ಟಿರಬೇಕು. ಒಗೆದ ಮೇಲೆ ಪೂರ್ತಿ ಒಣಗುವುದು ಇಲ್ಲಿ ಅರ್ಧ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಲೂರು, ಸಕಲೇಶಪುರದ ಕಡೆ ಒಣಗಿತೆಂದು ಮಡಚಿಟ್ಟ ಸ್ವೆಟರೂ ವಾರದಲ್ಲಿ ಬಿಳಿ ಚುಕ್ಕಿ ಬಿಡುತ್ತದೆ.

ಶಾಲಾ ಪಠ್ಯಪುಸ್ತಕ ಯಾರಿಗೂ ಬೇಡ. ಸರ್ಕಾರಿ ಶಾಲೆಯಲ್ಲಿ ಉಚಿತವಾಗಿಯೇ ಬರುತ್ತದೆ, ಪಠ್ಯವೂ ಬದಲಾಗುತ್ತಿರುತ್ತದೆ. ಖಾಲಿ ಹಾಳೆ ಉಳಿದ ನೋಟ್‌ಬುಕ್, ನಿಘಂಟು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಕಥೆ ಕಾದಂಬರಿಗಳಿಗೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಬೇಡಿಕೆ ಇದೆ.

ರೋಗಿಗಳ ಸಾಮಾನಿನ ವಿಭಾಗ ಈ ಸೇವೆಯ ಅತ್ಯುತ್ತಮ ಭಾಗ. ಮನೆಯಲ್ಲಿ ಹಿರಿಯರು ಹೋದ ಮೇಲೆ ವೀಲ್‌ಚೇರ್, ಕಮೋಡ್ ಕುರ್ಚಿ, ವಾಕರ್, ಏರ್ ಬೆಡ್ ಮೂಲೆಯಲ್ಲಿ ಕೂರುತ್ತವೆ, ನೋಡಿದಷ್ಟೂ ಸಂಕಟ. ಇವರು ಅವನ್ನು ಯಾರಿಗೂ ಶಾಶ್ವತವಾಗಿ ಕೊಡುವುದಿಲ್ಲ, ಎರವಲು ಕೊಡುತ್ತಾರೆ. ಸೊಂಟ ಮುರಿದವರಿಗೆ ವಾಕರ್ ಬೇಕಾಗುವುದು ಕೆಲವೇ ತಿಂಗಳು, ಅದು ಮರಳಿ ಬಂದರೆ ಇನ್ನೊಬ್ಬರಿಗೆ. ಕೊಡುವ ಮುಂಚೆ ಬ್ಲೀಚಿಂಗ್ ನೀರಿನಲ್ಲಿ ಒರೆಸಿ, ವಾಕರಿನ ಕಾಲಿನ ರಬ್ಬರ್ ಬುಡ ಬದಲಿಸಿ, ವೀಲ್‌ಚೇರಿನ ಎರಡೂ ಬ್ರೇಕ್ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ, ಏರ್ ಬೆಡ್ಡಿನ ಪಂಪನ್ನು ಒಂದು ಪೂರ್ತಿ ದಿನ ಓಡಿಸುತ್ತಾರೆ. ಸವೆದ ರಬ್ಬರ್ ಬುಡದ ವಾಕರ್ ಒದ್ದೆ ಮೊಸಾಯಿಕ್ ನೆಲದ ಮೇಲೆ ಜಾರುತ್ತದೆ. ಕೆಲವು ರೂಪಾಯಿಯ ರಬ್ಬರಿಗಾಗಿ ಇನ್ನೊಂದು ಸೊಂಟ ಮುರಿಯಬಾರದು. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಜನ್ ಕಾನ್ಸಂಟ್ರೇಟರ್ ನಿಮ್ಮಲ್ಲಿದ್ದರೆ, ತಂತ್ರಜ್ಞರಿಂದ ಆಮ್ಲಜನಕದ ಪ್ರಮಾಣ ಅಳೆಸದೆ ಯಾರಿಗೂ ಕೊಡಬೇಡಿ. ಮಾತ್ರೆ, ಔಷಧಿ ಇವರು ಮುಟ್ಟುವುದಿಲ್ಲ, ಅದೇ ಸರಿ.

ಇನ್ನು ಹಣದ ಪಾರದರ್ಶಕತೆ. ದಾನಕ್ಕೆ ಯೋಗ್ಯವಲ್ಲದ ಕಬ್ಬಿಣ, ಒಡೆದ ಪ್ಲಾಸ್ಟಿಕ್ ಕುರ್ಚಿ, ಪೇಪರ್ ರಾಶಿಯನ್ನು ಗುಜರಿಗೆ ಹಾಕುತ್ತಾರೆ. ಆದರೆ ನಿಮ್ಮೆದುರೇ ತೂಗುತ್ತಾರೆ, ತೂಕವೂ ದರವೂ ಚೀಟಿಯಲ್ಲಿ ಬರುತ್ತವೆ, ಆ ಮೊತ್ತ ನಿಮ್ಮ ಬಾಡಿಗೆಯಲ್ಲಿ ಕಳೆಯುತ್ತದೆ. ಒಳ್ಳೇ ಸಾಮಾನನ್ನು ಗುಜರಿಗೆ ಹಾಕಿ ಇವರಿಗೆ ಲಾಭವಾಗುವ ದಾರಿಯೇ ಇಲ್ಲ. ತಾಮ್ರದ ಹಂಡೆ, ಹಿತ್ತಾಳೆ ಕೊಪ್ಪರಿಗೆಯನ್ನು ದಾನವಾಗಿ ತೆಗೆದುಕೊಳ್ಳುವುದೇ ಇಲ್ಲ. ಬೆಲೆ ಬಾಳುವುದನ್ನು ನೀವೇ ಮಾರಿ, ಬೇಕಿದ್ದರೆ ಹಣ ಕೊಡಿ ಎನ್ನುತ್ತಾರೆ. ತೆರಿಗೆ ಉಳಿತಾಯದ ಆಸೆ ಮಾತ್ರ ಬೇಡ. ಆದಾಯ ತೆರಿಗೆಯ ದೇಣಿಗೆ ವಿನಾಯಿತಿ ಹಣದ ದೇಣಿಗೆಗೆ ಇರುವುದು, ಮಂಚ ಬೀರುವಿಗಲ್ಲ.

ಸಾಮಾನು ತಲುಪಿದ ಮೇಲೆ ರಸೀದಿ ಬರುತ್ತದೆ. ಸರ್ಕಾರಿ ಶಾಲೆಗೆ ಬೆಂಚು, ಕಪಾಟು ಹೋದರೆ ಮುಖ್ಯ ಶಿಕ್ಷಕರ ಸಹಿ ಮತ್ತು ದಾಸ್ತಾನು ಪುಸ್ತಕದಲ್ಲಿ ಏರಿಸಿದ ಪುಟದ ಫೋಟೊ, ಶಾಲೆಯ ಉಸ್ತುವಾರಿ ಸಮಿತಿಗೂ (ಎಸ್‌ಡಿಎಂಸಿ) ಗೊತ್ತಿರುತ್ತದೆ. ಮನೆಗಳಿಗೆ ಹೋದರೆ ಊರು ಮತ್ತು ಸಾಮಾನಿನ ಫೋಟೊ ಮಾತ್ರ. ಪಡೆದವರನ್ನು ಮಂಚದ ಪಕ್ಕ ನಿಲ್ಲಿಸಿ ಕೈಮುಗಿಸಿ ಫೋಟೊ ಹೊಡೆಯುವ ಪದ್ಧತಿ ಇಲ್ಲದಿರುವುದು ಬಹಳ ದೊಡ್ಡ ಗುಣ. ಆದರೆ ರಸೀದಿ ಬರುವುದು ತಡ, ನೆನಪಿಸದಿದ್ದರೆ ವಾರಗಟ್ಟಲೆ. ಮಳೆಗಾಲದಲ್ಲಿ ತಗಡಿನ ಗೋದಾಮಿನ ತೇವವೂ ಚಿಂತೆಯ ವಿಷಯ: ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆ ಹಾಕಿದ್ದಾರೆ, ಗೋಡೆಗೆ ತಾಗಿಸಿ ಪೇರಿಸುವುದನ್ನು ಇನ್ನೂ ಬಿಟ್ಟಿಲ್ಲ. ಗೋಡೆಯಿಂದ ಒಂದು ಅಡಿ ಬಿಟ್ಟರೆ ಗಾಳಿಯಾಡುತ್ತದೆ. ಒಡೆದ ದೇವರ ಪಟಗಳನ್ನು ಒಯ್ಯದಿರುವುದು ಇನ್ನೊಂದು ಕೊರತೆ. ಅವೆಲ್ಲ ಕೊನೆಗೆ ಅರಳಿಕಟ್ಟೆಯಲ್ಲಿ ಮಳೆಗೆ ನೆನೆಯುತ್ತ, ಗಾಜು ಚೂರಾಗಿ ಬಿದ್ದಿರುತ್ತವೆ. ಗಾಜು, ಚೌಕಟ್ಟು, ಕಾಗದ ಬೇರೆ ಮಾಡಿ ಗೌರವದಿಂದ ವಿಲೇವಾರಿ ಮಾಡುವ ಏರ್ಪಾಡಿಗೆ ಮನೆಯವರು ಖುಷಿಯಿಂದಲೇ ಹಣ ಕೊಡುತ್ತಾರೆ.

ಇದೇ ಕೆಲಸವನ್ನು ಚಿಕ್ಕಮಗಳೂರಿನಲ್ಲೋ ಅರಸೀಕೆರೆಯಲ್ಲೋ ಶುರುಮಾಡುವ ಆಲೋಚನೆ ಇದ್ದವರಿಗೆ ಈ ಸೇವೆಯಿಂದ ಕಲಿಯುವುದು ಸಾಕಷ್ಟಿದೆ. ಮೊದಲು ಪಡೆಯುವವರ ಪುಸ್ತಕ ಮಾಡಿ: ಯಾರಿಗೆ, ಏನು, ಎಷ್ಟು, ಯಾವ ತಿಂಗಳು, ಗಾಡಿ ಎಲ್ಲಿಯವರೆಗೆ ಹೋಗುತ್ತದೆ. ವೃದ್ಧಾಶ್ರಮ, ಶಾಲೆ, ಹಾಸ್ಟೆಲ್, ಎಸ್ಟೇಟಿನ ಲೈನ್ ಮನೆ (ಕೂಲಿಯವರ ಸಾಲುಮನೆ), ಎಲ್ಲರಿಂದಲೂ ಕೇಳಿ ಬರೆದುಕೊಂಡ ಪಟ್ಟಿ ಕೈಯಲ್ಲಿಲ್ಲದೆ ಸಾಮಾನು ಎತ್ತಿದರೆ ಮೂರನೇ ವಾರಕ್ಕೆ ಗೋದಾಮು ತುಂಬುತ್ತದೆ, ನಾಲ್ಕನೇ ವಾರಕ್ಕೆ ನೀವೇ ಗುಜರಿಯವನಿಗೆ ಫೋನ್ ಮಾಡುತ್ತೀರಿ. ಗಾಡಿ ಕೊಳ್ಳಬೇಡಿ, ಮೊದಲ ವರ್ಷ ಬಾಡಿಗೆಗೆ ಹಿಡಿಯಿರಿ. ಒಂದು ಟ್ರಾಲಿ, ಸ್ಪ್ಯಾನರ್ ಸೆಟ್ಟು, ಅಲೆನ್ ಕೀ, ರಬ್ಬರ್ ಸುತ್ತಿಗೆ, 100 ಕೆ.ಜಿ. ತೂಗುವ ನೇತು ತಕ್ಕಡಿ, ಆರೇಳು ಹಳೇ ಕಂಬಳಿ, ಹಗ್ಗ: ಇಷ್ಟು ಸಾಕು. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ‘ಉದ್ಯಮ್’ ನೋಂದಣಿ ಆನ್‌ಲೈನಿನಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟುಗಳಿಗೆ ಮರುಳಾಗಬೇಡಿ. ನಗರಾಡಳಿತದ ವ್ಯಾಪಾರ ಪರವಾನಗಿ ಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ.

ದೂರದ ಲೆಕ್ಕ ಮರೆಯಬೇಡಿ. ಹಾಸನದಿಂದ ಸಕಲೇಶಪುರ ಸುಮಾರು 40 ಕಿ.ಮೀ.; ಹೋಗಿಬರಲು ಐದು ಲೀಟರ್ ಡೀಸೆಲ್, ಮೂರು ಜನರ ಅರ್ಧ ದಿನದ ಕೂಲಿ. ನಾಲ್ಕು ಚೀಲ ಬಟ್ಟೆಗೆ ಅಷ್ಟು ದೂರ ಓಡಿದರೆ ವ್ಯವಹಾರ ಮುಳುಗುತ್ತದೆ. ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲದ ಎಸ್ಟೇಟ್ ರಸ್ತೆಯಲ್ಲಿ ಲೋಡಾದ ಏಸ್ ಏರುವುದೂ ಇಲ್ಲ. ರೇಷನ್ ಒಯ್ಯಲು ಪೇಟೆಗೆ ಬರುವ ಎಸ್ಟೇಟ್ ಪಿಕಪ್ಪಿನವರ ಜತೆ ಮಾತಾಡಿಕೊಂಡರೆ ಕಂಬಳಿಯ ಗಂಟಿಗೆ ಜಾಗ ಸಿಗುತ್ತದೆ.

ಕಾಲದ ಹೊಂದಿಕೆಯೂ ಗೊತ್ತಿರಲಿ. ಮನೆಗಳಲ್ಲಿ ಅಟ್ಟ ಇಳಿಸಿ ಗುಡಿಸುವುದು ದಸರಾ, ದೀಪಾವಳಿಗೆ ಮುಂಚೆ. ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವುದು ನವೆಂಬರಿನ ಹೊತ್ತಿಗೆ. ಹೊರಗಿನಿಂದ ಬಂದ ಕೂಲಿ ಕುಟುಂಬಗಳು ಲೈನ್ ಮನೆಗೆ ಇಳಿಯುವುದೂ, ಚಳಿ ಹಿಡಿಯುವುದೂ ಆಗಲೇ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂದ ಕಂಬಳಿ, ಸ್ವೆಟರು, ಸ್ಟೀಲ್ ಪಾತ್ರೆಗಳನ್ನು ನವೆಂಬರ್‌ವರೆಗೆ ಒಣಗಿಸಿ ಕಾಪಾಡುವ ಗೋದಾಮಿದ್ದರೆ ಅರ್ಧ ಗೆದ್ದ ಹಾಗೆ. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ, ಆ ತಿಂಗಳು ಬುಕಿಂಗ್ ಇರುವುದಿಲ್ಲ. ರಿಪೇರಿ ಕೆಲಸಕ್ಕೆ ಇಟ್ಟುಕೊಳ್ಳಿ.

ಯಾರಿಗೆ ಈ ಸೇವೆ ಬೇಕಾಗಿಲ್ಲ? ಎರಡು ಚೀಲ ಬಟ್ಟೆ, ಒಂದಷ್ಟು ಆಟಿಕೆ ಇದ್ದವರಿಗೆ. 2023ರ ಮೇ ತಿಂಗಳಿಂದ ದೇಶದ ಹಲವು ನಗರಾಡಳಿತಗಳು ಶುರುಮಾಡಿದ, ಹಳೇ ಸಾಮಾನನ್ನು ಮರುಬಳಕೆಗೆ ಪಡೆಯುವ ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳು ಇರುವುದೇ ಅದಕ್ಕೆ. ಹತ್ತಿರದ ಕೇಂದ್ರ ಈಗ ತೆರೆದಿದೆಯೇ ಎಂದು ಕೇಳಿಕೊಂಡು ನೀವೇ ಒಯ್ದು ಕೊಡಿ, ಖರ್ಚಿಲ್ಲ. ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದುಕೊಂಡು ಹಾಸನದ ತಂದೆತಾಯಿಯ ಮನೆ ಖಾಲಿ ಮಾಡಬೇಕಾದವರಿಗೆ ಮಾತ್ರ ಕೊಟ್ಟ ಹಣಕ್ಕೆ ಮೋಸವಿಲ್ಲ. ಅವರಿಗೆ ಒಂದೇ ಸೂಚನೆ: ಬೀರು, ಡ್ರಾಯರ್ ತೆರೆಯಲು ಮನೆಯ ಒಬ್ಬರು ಎದುರಿಗಿರಲೇಬೇಕು. ಬೀಗದ ಕೈ ಪಕ್ಕದ ಮನೆಯವರಿಗೆ ಕೊಟ್ಟು ವಿಡಿಯೊ ಕಾಲ್‌ನಲ್ಲಿ ಮುಗಿಸೋಣ ಎಂದರೆ ಇವರು ಒಪ್ಪುವುದಿಲ್ಲ. ಒಂದು ಭಾನುವಾರ ಬಿಡುವು ಮಾಡಿಕೊಂಡು ಬನ್ನಿ.